25 ಆಟ, 22 ಸೋಲು: ವೈಟ್ ಸಾಕ್ಸ್ ನೋಡುವುದನ್ನು ಬಿಟ್ಟುಬಿಡಲಾ?

ಐಐಟಿ_ಅಲ್ಲದ_ಐಐಟಿ · 26 ಏಪ್ರಿಲ್ 2024

ಎಲ್ಲರಿಗೂ ನಮಸ್ಕಾರ. ಇಲ್ಲಿ ಜನ ಸಾಮಾನ್ಯವಾಗಿ ವೀಸಾ, ಊರಿಗೆ ಹೋಗುವ ಟಿಕೆಟ್, ಚಳಿಗೆ ಉಬ್ಬದ ಇಡ್ಲಿ ಹಿಟ್ಟು ಇಂಥದ್ದನ್ನು ಕೇಳುತ್ತಾರೆ. ನನ್ನ ಗೋಳು ಬೇರೆ. ನನ್ನ ಬೇಸ್‌ಬಾಲ್ ತಂಡ ಶಿಕಾಗೋ ವೈಟ್ ಸಾಕ್ಸ್ ನಿನ್ನೆಗೆ 25 ಆಟ ಆಡಿದೆ. ಗೆದ್ದದ್ದು 3, ಸೋತದ್ದು 22.

ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ಓದಿದ್ದು ಐಐಟಿಯಲ್ಲಿ, ಆದರೆ ಆ ಐಐಟಿ ಅಲ್ಲ. ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಮೈಸೂರಲ್ಲಿ ನಮ್ಮ ದೊಡ್ಡಮ್ಮ ಇವತ್ತಿಗೂ ನನ್ನನ್ನು ಐಐಟಿ ಪಾಸಾದವನು ಅಂತಲೇ ಎಲ್ಲರಿಗೂ ಪರಿಚಯಿಸುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ಬಂದಿಳಿದದ್ದು 2005ರ ಆಗಸ್ಟಲ್ಲಿ. ಡ್ಯಾನ್ ರಯಾನ್ ಹೆದ್ದಾರಿಯ ಈ ಕಡೆ ನಮ್ಮ ಹಾಸ್ಟೆಲ್, ಆ ಕಡೆ ಸಾಕ್ಸ್ ಸ್ಟೇಡಿಯಂ. ಅಕ್ಟೋಬರ್ 23ರ ರಾತ್ರಿ, ಮಳೆ ಹನಿಯುತ್ತಿತ್ತು, ರೂಮಲ್ಲಿ ಕೂತು ಉಪ್ಪಿಟ್ಟು ಕೆದಕುತ್ತಿದ್ದೆ. ಹೊರಗೆ ಢಂ ಢಂ ಅಂತ ಪಟಾಕಿ. ದೀಪಾವಳಿಗೆ ಇನ್ನೂ ವಾರದ ಮೇಲಿದೆ, ಇದ್ಯಾರಪ್ಪ ಅಂದುಕೊಂಡೆ. ರೂಮ್‌ಮೇಟ್ ಓಡಿಬಂದು ಹೇಳಿದ, ಸಾಕ್ಸ್‌ನ ಕೊನರ್ಕೋ ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್) ಹೊಡೆದ ಅಂತ. ಹಾಗೆಂದರೆ ಏನು ಅಂತಲೂ ಆಗ ಗೊತ್ತಿರಲಿಲ್ಲ. ಕೊನೆಯಲ್ಲಿ ಪೊಡ್ಸೆಡ್ನಿಕ್ ಇನ್ನೊಂದು ಹೋಮ್‌ರನ್ ಹೊಡೆದು ಆಟ ಮುಗಿಸಿದ, ಮತ್ತೆ ಪಟಾಕಿ. ಮೂರೇ ದಿನಕ್ಕೆ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲಿನ ಫೈನಲ್, ನಮ್ಮದು. 1917ರ ನಂತರ ಮೊದಲ ಸಲ. ಬಂದು ಎರಡು ತಿಂಗಳಿಗೇ ಕಪ್!

ಅವತ್ತಿಂದ ಸಿಕ್ಕಿಬಿದ್ದವನು ಇನ್ನೂ ಬಿಡಿಸಿಕೊಂಡಿಲ್ಲ. ಈ ವರ್ಷ ಮಗಳಿಗೆ (9 ವರ್ಷ) ಆಸಕ್ತಿ ಬರಲಿ ಅಂತ ಹತ್ತು ಆಟದ ಟಿಕೆಟ್ ಒಟ್ಟಿಗೇ ಕೊಂಡೆ. ಇಬ್ಬರೂ ಹೋದದ್ದು ಮೂರಕ್ಕೆ, ಮೂರೂ ಸೋಲು. ಮೊನ್ನೆ ಕಾರಲ್ಲಿ ಕೇಳಿದಳು: "ಅಪ್ಪಾ, ಇವತ್ತೂ ಸೋಲೋದಕ್ಕೇ ಹೋಗ್ತಾ ಇರೋದಾ?"

ಉಳಿದ ಏಳು ಟಿಕೆಟ್ ಮಾರಿಬಿಡಲಾ?

ಕೆಂಗೇರಿ_ಕಿಟ್ಟಿ · 26 ಏಪ್ರಿಲ್

ಗುರೂ, ಆರ್‌ಸಿಬಿ ಫ್ಯಾನ್ ಹತ್ತಿರ ಬಂದು ಸೋಲಿನ ಕಥೆ ಹೇಳ್ತೀರಲ್ಲ. ಎಂಟು ಮ್ಯಾಚಲ್ಲಿ ಒಂದೇ ಒಂದು ಗೆದ್ದು ಕೂತಿದ್ವಿ. ಚಿನ್ನಸ್ವಾಮಿಯಲ್ಲಿ ಹೈದರಾಬಾದ್ ನಮ್ಮ ಮೇಲೆ 287 ಹೊಡೆಯಿತು, ನಾನು ಸ್ಟ್ಯಾಂಡಲ್ಲೇ ಇದ್ದೆ. ನಿನ್ನೆ ಅದೇ ಹೈದರಾಬಾದಿಗೆ ಹೋಗಿ ಅವರನ್ನೇ ಸೋಲಿಸಿದ್ವಿ. ಟಿಕೆಟ್ ಮಾರಬೇಡಿ.

ರಿಗ್ಲಿ_ರಂಗಣ್ಣ · 26 ಏಪ್ರಿಲ್

ಶಿಕಾಗೋದಲ್ಲಿ ಎರಡು ತಂಡ ಇವೆ ಸ್ವಾಮಿ. ಇನ್ನೊಂದರ ಹೆಸರು ಕಬ್ಸ್. ರೆಡ್ ಲೈನ್ ರೈಲಲ್ಲಿ ಉತ್ತರಕ್ಕೆ ಬಂದರೆ ಸಿಗುತ್ತೆ. ಮಗಳಿಗೆ ಇನ್ನೂ ಒಂಬತ್ತೇ ವರ್ಷ, ತಡವಾಗಿಲ್ಲ 😄

ಐಐಟಿ_ಅಲ್ಲದ_ಐಐಟಿ · 26 ಏಪ್ರಿಲ್

ರಂಗಣ್ಣ, 108 ವರ್ಷ ಕಾದು ಒಂದು ಕಪ್ ಗೆದ್ದವರು ನೀವು. ಸ್ವಲ್ಪ ಸುಮ್ನಿರಿ.

ಡೆಟ್ರಾಯ್ಟ್_ಶಾಂತಕ್ಕ · 27 ಏಪ್ರಿಲ್

ತಮ್ಮಾ, ನಾನು 2003ರ ನಮ್ಮ ಡೆಟ್ರಾಯ್ಟ್ ಟೈಗರ್ಸ್ ನೋಡಿದವಳು. 43 ಗೆಲುವು, 119 ಸೋಲು. ನಿನ್ನ ಸಂಕಟ ನನಗೆ ಅರ್ಥ ಆಗುತ್ತೆ, ಉಳಿದವರಿಗೆ ಆಗಲ್ಲ.

ಕಿಟ್ಟಿ, ಐಪಿಎಲ್ಲನ್ನು ಇದಕ್ಕೆ ಹೋಲಿಸಬೇಡಪ್ಪ. ಅಲ್ಲಿ ಲೀಗಲ್ಲಿ 14 ಆಟ, ನಡುವೆ ಮೂರು ನಾಲ್ಕು ದಿನ ಉಸಿರಾಡಲು ಟೈಮ್ ಸಿಗುತ್ತೆ. ಇಲ್ಲಿ ಆರು ತಿಂಗಳಲ್ಲಿ 162. ಹೆಚ್ಚುಕಮ್ಮಿ ದಿನಾ ಒಂದು. ಆಫೀಸಿಂದ ಬಂದು, ಸಾರಿಗೆ ಒಗ್ಗರಣೆ ಹಾಕಿ, ಟೀವಿ ಹಚ್ಚಿದರೆ ಸೋಲು. ಮರುದಿನ ಮತ್ತೆ ಅದೇ ಸಾರು, ಅದೇ ಸೋಲು. ದುಃಖ ಪಡಲೂ ಪುರುಸೊತ್ತು ಇರಲ್ಲ.

ಬೇಸ್‌ಬಾಲಲ್ಲಿ ಹಳೇ ಮಾತೊಂದಿದೆ. ಎಂಥ ದರಿದ್ರ ತಂಡವೂ 54 ಗೆಲ್ಲುತ್ತೆ, ಎಂಥ ಭಾರೀ ತಂಡವೂ 54 ಸೋಲುತ್ತೆ, ಉಳಿದ 54ರಲ್ಲಿ ಏನು ಮಾಡುತ್ತೀಯ ಅನ್ನೋದೇ ಲೆಕ್ಕ ಅಂತ. ಅಂದರೆ ಮೂರರಲ್ಲಿ ಒಂದು ಗೆಲುವು ಯಾರಿಗಾದರೂ ಪುಕ್ಕಟೆ ಸಿಗಬೇಕು. ನಮ್ಮವರಿಗೆ ಅದೂ ಸಿಗಲಿಲ್ಲ. ನಿಮ್ಮವರಿಗೂ ಸಿಗುವ ಲಕ್ಷಣ ಕಾಣ್ತಿಲ್ಲ.

ಪುತ್ತೂರ್_ಮಾಣಿ · 27 ಏಪ್ರಿಲ್

ನಾನು ಮಿನ್ನಿಯಾಪೊಲಿಸಲ್ಲಿ ಇರೋದು. ನಿಮ್ಮ 22ನೇ ಸೋಲು ನಮ್ಮ ಟ್ವಿನ್ಸ್ ಕೈಯಲ್ಲೇ ಆದದ್ದು ಮಾರಾಯ್ರೆ. ನಿಮ್ಮವರು ಬಂದರೆ ನಮಗೆ ಹೊಟ್ಟೆ ತುಂಬಾ ಊಟ.

ಬೆಣ್ಣೆದೋಸೆ_ದಾವಣಗೆರೆ · 27 ಏಪ್ರಿಲ್

ಒಂದು ಮಾತು. ಮೂರು ವರ್ಷದ ಹಿಂದೆ ಇದೇ ತಂಡ ಚೆನ್ನಾಗಿತ್ತಲ್ಲ? ಅಯೋವಾದಲ್ಲಿ ಜೋಳದ ಹೊಲದ ನಡುವೆ ಯಾಂಕೀಸ್ ವಿರುದ್ಧ ಆಡಿದ್ದು ನೋಡಿದ್ದೆ. ಅಷ್ಟು ಬೇಗ ಹೇಗೆ ಕೆಟ್ಟಿತು?

ಐಐಟಿ_ಅಲ್ಲದ_ಐಐಟಿ · 27 ಏಪ್ರಿಲ್

ಅದೇ ಹೊಟ್ಟೆ ಉರಿಯೋದು. 2021ರ ಆಗಸ್ಟ್ 12. ಟಿಮ್ ಆಂಡರ್ಸನ್ ಕೊನೆಯಲ್ಲಿ ಹೊಡೆದ ಚೆಂಡು ಜೋಳದ ಸಾಲಿನೊಳಗೆ ಹೋಗಿ ಬಿತ್ತು, 9-8. ಆ ವರ್ಷ 93 ಗೆದ್ದು ಡಿವಿಷನ್ನಲ್ಲಿ ಮೊದಲು ಬಂದೆವು. ಎಲ್ಲ ಚಿಕ್ಕ ವಯಸ್ಸಿನವರು, ಇನ್ನು ಐದು ವರ್ಷ ನಮ್ಮದೇ ರಾಜ್ಯ ಅಂದುಕೊಂಡಿದ್ದೆ.

ಆಮೇಲೆ? ಒಬ್ಬರ ಮೇಲೊಬ್ಬರಿಗೆ ಗಾಯ. ಬದಲಿ ಆಟಗಾರರ ಬೆಂಚು ಖಾಲಿ. ಕೆಳಗಿನ ಲೀಗುಗಳಿಂದ ಮೇಲೆ ಬರಲು ಯಾರೂ ತಯಾರಿಲ್ಲ. 2023ರಲ್ಲಿ 101 ಸೋಲು. ಆ ಆಗಸ್ಟಲ್ಲಿ ತಂಡ ನಡೆಸುತ್ತಿದ್ದ ಕೆನ್ ವಿಲಿಯಮ್ಸ್, ರಿಕ್ ಹಾನ್ ಇಬ್ಬರನ್ನೂ ಕೆಲಸದಿಂದ ತೆಗೆದರು, ಹೊರಗಿನವರನ್ನು ಹುಡುಕದೆ ಮನೆಯೊಳಗಿನ ಕ್ರಿಸ್ ಗೆಟ್ಜ್ ಅವರನ್ನೇ ಕೂರಿಸಿದರು. ಈ ಮಾರ್ಚಲ್ಲಿ ಒಳ್ಳೆಯ ಪಿಚರ್ (ಚೆಂಡು ಎಸೆಯುವವನು) ಡಿಲನ್ ಸೀಸ್‌ನನ್ನು ಸ್ಯಾನ್ ಡಿಯೇಗೋಗೆ ಕೊಟ್ಟರು. ಉಳಿದದ್ದು ಗ್ಯಾರೆಟ್ ಕ್ರೋಷೆ ಒಬ್ಬ. ಅವನು ಮೇಜರ್ ಲೀಗಲ್ಲಿ ಮೊದಲ ಸಲ ಸ್ಟಾರ್ಟರ್ (ಆಟ ಶುರು ಮಾಡುವ ಪಿಚರ್) ಆಗಿ ಚೆಂಡು ಹಿಡಿದದ್ದೇ ಈ ವರ್ಷದ ಮೊದಲ ಆಟದಲ್ಲಿ. ಆರು ಇನ್ನಿಂಗ್ಸಲ್ಲಿ ಒಂದೇ ರನ್ ಕೊಟ್ಟ. ನಾವು 1-0 ಸೋತೆವು. ಅವತ್ತೇ ಗೊತ್ತಾಗಬೇಕಿತ್ತು.

ಹುಬ್ಬಳ್ಳಿ_ಮಿರ್ಚಿ · 27 ಏಪ್ರಿಲ್

ಒಂದು ತಿದ್ದುಪಡಿ. ಅಯೋವಾದಲ್ಲಿರೋದು ಜೋಳ ಅಲ್ಲ, ಮೆಕ್ಕೆಜೋಳ. ಜೋಳ ಅಂದ್ರ ರೊಟ್ಟಿ ಮಾಡೋದು.

ಬೆಣ್ಣೆದೋಸೆ_ದಾವಣಗೆರೆ · 27 ಏಪ್ರಿಲ್

ದಾವಣಗೆರೆಯವನಿಗೆ ಮೆಕ್ಕೆಜೋಳ ಹೇಳಿಕೊಡ್ತೀರಾ 😂 ನಮ್ಮ ಮನೆ ಸುತ್ತ ಅದೇ ಇರೋದು. ಬಾಯಿತಪ್ಪಿ ಬರೆದೆ.

ಐಐಟಿ_ಅಲ್ಲದ_ಐಐಟಿ · 29 ಏಪ್ರಿಲ್

ಟ್ಯಾಂಪಾ ಬೇ ರೇಸ್ ತಂಡವನ್ನು ಮೂರಕ್ಕೆ ಮೂರೂ ಸೋಲಿಸಿದೆವು!!! ಈ ಪೋಸ್ಟ್ ಹಾಕಿದ ದಿನದಿಂದ ಸೋತೇ ಇಲ್ಲ. ಟಿಕೆಟ್ ಮಾರುವುದಿಲ್ಲ.

ಪುತ್ತೂರ್_ಮಾಣಿ · 29 ಏಪ್ರಿಲ್

ಇವತ್ತು ಯಾರ ಮೇಲೆ? ಹ್ಹ ಹ್ಹ. ನಮ್ಮ ಮೇಲೆ.

ಕೆಂಗೇರಿ_ಕಿಟ್ಟಿ · 19 ಮೇ

ಯಾರಾದ್ರೂ ಎದ್ದಿದೀರಾ? ನಾನು ಮಲಗೇ ಇಲ್ಲ. ಚೆನ್ನೈ ಮೇಲೆ 27 ರನ್! ಆರು ಸತತ ಸೋಲು, ಆಮೇಲೆ ಆರು ಸತತ ಗೆಲುವು, ಪ್ಲೇಆಫ್! ಐಐಟಿ ಸರ್, ನಂಬಿಕೆ ಇಡಿ ಅಂದ್ನಾ ಇಲ್ವಾ?

ರಿಗ್ಲಿ_ರಂಗಣ್ಣ · 19 ಮೇ

ಇದು ಬೇಸ್‌ಬಾಲ್ ಚರ್ಚೆ ಕಣಪ್ಪಾ. ಆದರೂ... ಈ ಸಲ ಕಪ್ ನಮ್ದೇ.

ಐಐಟಿ_ಅಲ್ಲದ_ಐಐಟಿ · 24 ಮೇ

ಮೊನ್ನೆ 22ಕ್ಕೆ ಆರ್‌ಸಿಬಿ ಎಲಿಮಿನೇಟರಲ್ಲಿ ಔಟ್. ಅದೇ ದಿನ ಸಾಕ್ಸ್ ಕೂಡ ಸೋಲು. ಅದನ್ನೂ ನುಂಗಿಕೊಂಡೆ. ನಿನ್ನೆದು ಮಾತ್ರ ನುಂಗಲು ಆಗುತ್ತಿಲ್ಲ.

ಬಾಲ್ಟಿಮೋರ್ ಮೇಲೆ ಆಟ. 8-6 ಹಿಂದಿದ್ದೇವೆ. ಒಂಬತ್ತನೇ ಇನ್ನಿಂಗ್ಸ್, ಒಂದು ಔಟ್, ಒಂದು ಮತ್ತು ಎರಡನೇ ಬೇಸಲ್ಲಿ ನಮ್ಮವರಿದ್ದಾರೆ. ಬೆನಿಂಟೆಂಡಿ ಹೊಡೆದ ಚೆಂಡು ನೆಟ್ಟಗೆ ಮೇಲೆ ಹೋಯಿತು. ಅಂಪೈರ್ ಇನ್‌ಫೀಲ್ಡ್ ಫ್ಲೈ ಅಂದರು, ಅಂದರೆ ಒಳಗಿನ ಫೀಲ್ಡರ್‌ಗೆ ಸುಲಭವಾಗಿ ಸಿಗುವ ಕ್ಯಾಚ್, ಹಿಡಿದರೂ ಬಿಟ್ಟರೂ ಬ್ಯಾಟರ್ ಔಟ್. ಸರಿ, ಎರಡು ಔಟ್ ಆಯಿತು, ಇನ್ನೊಬ್ಬ ಬರುತ್ತಾನೆ ಅಂದುಕೊಂಡರೆ ಎಲ್ಲರೂ ಡಗೌಟಿಂದ ಎದ್ದು ಹೊರಟರು. ಏನಾಯಿತು ಅಂತ ಟೀವಿಯವರಿಗೂ ಗೊತ್ತಿಲ್ಲ. ಎರಡನೇ ಬೇಸಲ್ಲಿದ್ದ ವಾನ್, ವಾಪಸ್ ಬೇಸಿಗೆ ಹೋಗುವಾಗ ಅವರ ಫೀಲ್ಡರ್ (ಶಾರ್ಟ್‌ಸ್ಟಾಪ್) ಹೆಂಡರ್ಸನ್ ದಾರಿಗೆ ಅಡ್ಡ ಬಂದನಂತೆ. ಅವನೂ ಔಟ್. ಮೂರು ಔಟ್, ಆಟ ಮುಗಿಯಿತು!

ಹೆಂಡರ್ಸನ್ ಆರಾಮಾಗಿ ಕ್ಯಾಚ್ ಹಿಡಿದ. ಅವನಿಗೆ ಏನೂ ತೊಂದರೆ ಆಗಿಲ್ಲ. ಹೇಗೂ ಔಟ್ ಆಗಿದ್ದ ಬ್ಯಾಟರ್‌ನ ಕ್ಯಾಚಿಗೆ ಅಡ್ಡ ಬಂದರೆಷ್ಟು, ಬಿಟ್ಟರೆಷ್ಟು?

ಡೆಟ್ರಾಯ್ಟ್_ಶಾಂತಕ್ಕ · 24 ಮೇ

ನಿಯಮದ ಪ್ರಕಾರ ಅದು ಔಟೇ. ಫೀಲ್ಡರ್ ಚೆಂಡಿನ ಕೆಳಗೆ ಹೋಗುವಾಗ ರನ್ನರ್ ದಾರಿ ಬಿಡಬೇಕು. ಬೇಕಂತ ಮಾಡಿದನೋ ಗೊತ್ತಿಲ್ಲದೆ ಮಾಡಿದನೋ ಅನ್ನೋದು ಲೆಕ್ಕಕ್ಕಿಲ್ಲ. ಆದರೆ ಆಟದ ಕೊನೆಗೆ, ಅಷ್ಟು ಸಣ್ಣದಕ್ಕೆ ಕೊಡಬೇಕಿತ್ತಾ ಅಂದರೆ, ನಾನು ಅಂಪೈರ್ ಆಗಿದ್ದರೆ ಕೊಡುತ್ತಿರಲಿಲ್ಲ.

ಹುಬ್ಬಳ್ಳಿ_ಮಿರ್ಚಿ · 24 ಮೇ

ನಮ್ಮ ಕಾಲೇಜ್ ಗ್ರೌಂಡಿನಾಗ ಹಿಂಗ ಔಟ್ ಕೊಟ್ಟಿದ್ರ ಅಂಪೈರ್ ಮನಿಗೆ ನಡಕೊಂಡು ಹೋಗ್ತಿರಲಿಲ್ಲ.

ಐಐಟಿ_ಅಲ್ಲದ_ಐಐಟಿ · 6 ಜೂನ್

14. ಸತತ ಹದಿನಾಲ್ಕು. ಒಂದೇ ಸೀಸನ್ನಲ್ಲಿ ಇಷ್ಟು ಉದ್ದದ ಸೋಲಿನ ಸಾಲು ತಂಡದ ಇತಿಹಾಸದಲ್ಲೇ ಇರಲಿಲ್ಲ. ರಿಗ್ಲಿಗೆ ಹೋಗಿ ಕಬ್ಸ್ ಮೇಲೆ ಎರಡಕ್ಕೆ ಎರಡೂ ಸೋತು ಬಂದೆವು, ರಂಗಣ್ಣ ನನಗೆ ಫೋನಲ್ಲೇ ಪಟಾಕಿ ಸದ್ದು ಕೇಳಿಸಿದರು.

ಕೆಂಗೇರಿ_ಕಿಟ್ಟಿ · 6 ಜೂನ್

ಅದು ಬಿಡಿ ಸರ್, ನಿಮ್ಮ ಅಮೆರಿಕ ಇವತ್ತು ಡಲ್ಲಾಸಲ್ಲಿ ಪಾಕಿಸ್ತಾನವನ್ನು ಸೂಪರ್ ಓವರಲ್ಲಿ ಸೋಲಿಸ್ತು! ಆ ಮ್ಯಾಚಲ್ಲಿ ಮೂರು ವಿಕೆಟ್ ತೆಗೆದ ನೊಸ್ತುಶ್ ಕೆಂಜಿಗೆ ನಮ್ಮವನೇ.

ಪುತ್ತೂರ್_ಮಾಣಿ · 6 ಜೂನ್

ಹೌದಾ? ಹೆಸರು ಕೇಳಿ ಅನುಮಾನ ಬಂದಿತ್ತು.

ಡೆಟ್ರಾಯ್ಟ್_ಶಾಂತಕ್ಕ · 6 ಜೂನ್

ಹುಟ್ಟಿದ್ದು ಅಲಬಾಮಾದಲ್ಲಿ, ಬೆಳೆದದ್ದು ಕರ್ನಾಟಕದಲ್ಲಿ. ನನ್ನ ಆಫೀಸಲ್ಲಿ ಅಮೆರಿಕ ಗೆದ್ದದ್ದು ಅಮೆರಿಕದವರೊಬ್ಬರಿಗೂ ಗೊತ್ತಿಲ್ಲ. ನಾನೇ ಕೇಕ್ ತಂದು ಹಂಚಿದೆ. ಯಾರದೋ ಬರ್ತ್‌ಡೇ ಅಂದುಕೊಂಡು ತಿಂದರು.

ಐಐಟಿ_ಅಲ್ಲದ_ಐಐಟಿ · 8 ಜೂನ್

ನಿನ್ನೆ ಗೆದ್ದೆವು. ಮಗಳ ಜೊತೆ ಹೋಗಿದ್ದೆ ಅಂತ ಹೇಳಬೇಕೆಂದು ಆಸೆ. ಹೋಗಿರಲಿಲ್ಲ. ಅವಳಿಗೆ ಭರತನಾಟ್ಯ ಕ್ಲಾಸ್ ಇತ್ತು, ನಾನು ಹೊರಗೆ ಕಾರಲ್ಲಿ ಕೂತು ರೇಡಿಯೋ ಕೇಳಿದೆ.

ಬೆಣ್ಣೆದೋಸೆ_ದಾವಣಗೆರೆ · 26 ಜುಲೈ

ಐಐಟಿ ಸರ್ ತಿಂಗಳಿಂದ ನಾಪತ್ತೆ. ಬದುಕಿದ್ದೀರಾ? ನಿನ್ನೆ ಸುದ್ದಿ ನೋಡಿ ನಿಮ್ಮದೇ ನೆನಪಾಯಿತು.

ಐಐಟಿ_ಅಲ್ಲದ_ಐಐಟಿ · 26 ಜುಲೈ

ಬದುಕಿದ್ದೇನೆ ಅನ್ನಿ. ಯಾವ ಸುದ್ದಿ ಅಂತ ಗೊತ್ತು. ನಾವು ಮಾರ್ಚಲ್ಲಿ ಕೊಟ್ಟುಬಿಟ್ಟ ಡಿಲನ್ ಸೀಸ್ ನಿನ್ನೆ ವಾಷಿಂಗ್ಟನ್ ಮೇಲೆ ನೋ-ಹಿಟ್ಟರ್ ಎಸೆದ. ಒಂಬತ್ತು ಇನ್ನಿಂಗ್ಸಲ್ಲಿ ಎದುರಾಳಿಗೆ ಒಂದೂ ಹಿಟ್ ಇಲ್ಲ. ನಾವು ಅವತ್ತಿಗೆ ಮತ್ತೊಂದು ಸಾಲು ಸೋಲಿನ ಮಧ್ಯೆ ಇದ್ದೇವೆ. ಮಾರಿದ ಎಮ್ಮೆ ಪಕ್ಕದ ಮನೆಯಲ್ಲಿ ಎರಡು ಬಕೆಟ್ ಹಾಲು ಕೊಟ್ಟ ಹಾಗೆ.

ರಿಗ್ಲಿ_ರಂಗಣ್ಣ · 30 ಜುಲೈ

ಇನ್ನೂ ಎರಡು ಎಮ್ಮೆ ಹೋದವಲ್ಲ? ಫೆಡ್ಡೀ ಸೇಂಟ್ ಲೂಯಿಸಿಗೆ, ಕೋಪೆಕ್ ಡಾಡ್ಜರ್ಸಿಗೆ.

ಐಐಟಿ_ಅಲ್ಲದ_ಐಐಟಿ · 30 ಜುಲೈ

ಕೊಟ್ಟಿಗೆಯನ್ನೂ ಮಾರಿ ಅಂತ ಹೇಳಿದೆ.

ಐಐಟಿ_ಅಲ್ಲದ_ಐಐಟಿ · 7 ಆಗಸ್ಟ್

ಕೊನೆಗೂ. ಓಕ್‌ಲ್ಯಾಂಡಲ್ಲಿ 5-1. 21 ಸತತ ಸೋಲಿನ ನಂತರ. ಜುಲೈ 10ರಿಂದ ಆಗಸ್ಟ್ 5ರವರೆಗೆ ಒಂದೂ ಗೆಲುವಿಲ್ಲ. ನಾನು ರಾತ್ರಿ ಹನ್ನೆರಡು ದಾಟಿದರೂ ನೋಡುತ್ತಾ ಕೂತಿದ್ದೆ. ಹೆಂಡತಿ ಎದ್ದು ಬಂದು ನೋಡಿದರೆ ಕಣ್ಣಲ್ಲಿ ನೀರು. "ಊರಿಂದ ಫೋನ್ ಬಂತಾ?" ಅಂತ ಗಾಬರಿಯಾದಳು.

ಡೆಟ್ರಾಯ್ಟ್_ಶಾಂತಕ್ಕ · 7 ಆಗಸ್ಟ್

ಬೇಸ್‌ಬಾಲಿನ ಎರಡು ಲೀಗುಗಳಲ್ಲಿ ನಮ್ಮದಾದ ಅಮೆರಿಕನ್ ಲೀಗಲ್ಲಿ 21 ಅನ್ನೋದು ದಾಖಲೆ ಸಮ. 1988ರಲ್ಲಿ ಬಾಲ್ಟಿಮೋರ್ ಸೀಸನ್ ಶುರುವಿನಲ್ಲೇ 0-21 ಆಗಿತ್ತು. ಇನ್ನೊಂದು ಲೀಗಲ್ಲಿ 1961ರ ಫಿಲಡೆಲ್ಫಿಯಾ ಸತತ 23. ಅದನ್ನು ಮುಟ್ಟಲಿಲ್ಲ ಅನ್ನೋದೇ ಸಮಾಧಾನ.

ಪುತ್ತೂರ್_ಮಾಣಿ · 8 ಆಗಸ್ಟ್

ಮ್ಯಾನೇಜರ್ (ಕೋಚ್) ಗ್ರಿಫೋಲ್‌ರನ್ನು ತೆಗೆದರಂತೆ. 28-89ಕ್ಕೆ ಬಂದ ಮೇಲೆ ತೆಗೆದು ಏನು ಪ್ರಯೋಜನ? ಮಳೆ ನಿಂತ ಮೇಲೆ ಕೊಡೆ.

ಐಐಟಿ_ಅಲ್ಲದ_ಐಐಟಿ · 9 ಆಗಸ್ಟ್

ನನಗೆ ಗ್ರಿಫೋಲ್ ಮೇಲೆ ಅಷ್ಟೇನೂ ಸಿಟ್ಟಿಲ್ಲ. ಅಕ್ಕಿ ಕೊಡದೆ ಅನ್ನ ಮಾಡು ಅಂದರೆ ಯಾರು ಮಾಡ್ತಾರೆ? ನನ್ನ ಸಿಟ್ಟು ಮೇಲಿನವರ ಮೇಲೆ. ಜೆರ್ರಿ ರೈನ್ಸ್‌ಡಾರ್ಫ್ 1981ರಿಂದ ಮಾಲೀಕರು. ಬಾಸ್ಕೆಟ್‌ಬಾಲಿನ ಬುಲ್ಸ್ ಕೂಡ ಅವರದೇ, ಜೋರ್ಡನ್ ಕಾಲದ ಆರು ಕಪ್ಪೂ ಅವರ ಲೆಕ್ಕಕ್ಕೇ. ಆದರೆ ಸಾಕ್ಸ್ ಇತಿಹಾಸದಲ್ಲೇ ದೊಡ್ಡ ಕರಾರು ಯಾರದು ಗೊತ್ತಾ? ಬೆನಿಂಟೆಂಡಿಯದು. ಐದು ವರ್ಷಕ್ಕೆ 7.5 ಕೋಟಿ ಡಾಲರ್. ಕಾನ್ಸಾಸ್ ಸಿಟಿಯಂಥ ಚಿಕ್ಕ ಊರಿನ ತಂಡ ಬಾಬಿ ವಿಟ್ ಒಬ್ಬನಿಗೇ 28.8 ಕೋಟಿಗೆ ಸಹಿ ಹಾಕಿದೆ. ಅಮೆರಿಕದ ಮೂರನೇ ದೊಡ್ಡ ಊರಲ್ಲಿ ಕೂತು ನಾವು ಚೌಕಾಸಿ ಮಾಡುತ್ತಿದ್ದೇವೆ.

ಬೆಣ್ಣೆದೋಸೆ_ದಾವಣಗೆರೆ · 9 ಆಗಸ್ಟ್

ದುಡ್ಡು ಸುರಿದರೆ ಗೆಲ್ಲುತ್ತಾರೆ ಅನ್ನೋದನ್ನ ನಾನು ಒಪ್ಪಲ್ಲ. ಆರ್‌ಸಿಬಿ ಎಷ್ಟು ಸುರಿದಿಲ್ಲ?

ಕೆಂಗೇರಿ_ಕಿಟ್ಟಿ · 9 ಆಗಸ್ಟ್

ನನ್ನ ಗಾಯಕ್ಕೆ ಉಪ್ಪು ಯಾಕೆ ಸರ್. ನಾನೇನೂ ಮಾತಾಡಿಲ್ಲ.

ಡೆಟ್ರಾಯ್ಟ್_ಶಾಂತಕ್ಕ · 10 ಆಗಸ್ಟ್

ಐಪಿಎಲ್ಲಲ್ಲಿ ಎಲ್ಲ ತಂಡಕ್ಕೂ ಹರಾಜಿನ ಪರ್ಸ್ ಒಂದೇ. ಇಲ್ಲಿ ಹಾಗೆ ಮಿತಿ ಇಲ್ಲ, ಜಾಸ್ತಿ ಖರ್ಚು ಮಾಡಿದರೆ ತೆರಿಗೆ ಕಟ್ಟಬೇಕು ಅಷ್ಟೇ. ಹೋಲಿಕೆ ಸರಿ ಹೋಗಲ್ಲ.

ಮಾಲೀಕರ ವಿಷಯಕ್ಕೆ ಬಂದರೆ 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಕಥೆ ಕೇಳಿ. 20 ಗೆಲುವು, 134 ಸೋಲು. ಆ ತಂಡದ ಮಾಲೀಕರೇ ಸೇಂಟ್ ಲೂಯಿಸ್ ತಂಡವನ್ನೂ ಕೊಂಡರು. ಕ್ಲೀವ್‌ಲ್ಯಾಂಡಿನ ಒಳ್ಳೆಯವರನ್ನೆಲ್ಲ ಅಲ್ಲಿಗೆ ಸಾಗಿಸಿದರು. ಜನ ಬರುವುದನ್ನೇ ನಿಲ್ಲಿಸಿದರು, ಹಾಗಾಗಿ ತಂಡ ಹೆಚ್ಚಿನ ಆಟವನ್ನೆಲ್ಲ ಬೇರೆ ಊರಲ್ಲೇ ಆಡಿತು. ಆ ಸೀಸನ್ ಮುಗಿದ ಮೇಲೆ ತಂಡವೇ ಇಲ್ಲ. ಇದಕ್ಕೆ ಹೋಲಿಸಿದರೆ ನಿನ್ನದು ಸ್ವರ್ಗ ತಮ್ಮಾ.

ಹುಬ್ಬಳ್ಳಿ_ಮಿರ್ಚಿ · 10 ಆಗಸ್ಟ್

ಇಷ್ಟು ಸೋತ್ರೂ ಕೆಳಗಿನ ಲೀಗಿಗೆ ದಬ್ಬೋದಿಲ್ಲೇನು? ಫುಟ್‌ಬಾಲ್‌ನಾಗ ದಬ್ತಾರಲ್ಲ.

ಐಐಟಿ_ಅಲ್ಲದ_ಐಐಟಿ · 10 ಆಗಸ್ಟ್

ಇಲ್ಲ. ಇಲ್ಲಿ ಸೋತವರಿಗೇ ಬಹುಮಾನ. ಕೆಟ್ಟ ತಂಡಕ್ಕೆ ಮುಂದಿನ ಡ್ರಾಫ್ಟಲ್ಲಿ ಒಳ್ಳೆಯ ಹುಡುಗರನ್ನು ಮೊದಲು ಆರಿಸುವ ಅವಕಾಶ. ಲಾಟರಿ ಎತ್ತುತ್ತಾರೆ, ಜಾಸ್ತಿ ಸೋತವರಿಗೆ ಅವಕಾಶ ಜಾಸ್ತಿ. ಅದೊಂದು ಆಸೆ ನನಗೂ ಇದೆ.

ಡೆಟ್ರಾಯ್ಟ್_ಶಾಂತಕ್ಕ · 10 ಆಗಸ್ಟ್

ತಮ್ಮಾ, ಹೇಳೋದಕ್ಕೆ ಬೇಜಾರು. ದೊಡ್ಡ ಊರಿನ ತಂಡಗಳಿಗೆ ಎರಡು ವರ್ಷ ಸತತ ಲಾಟರಿ ಇಲ್ಲ ಅಂತ ನಿಯಮ ಇದೆ. ಈ ವರ್ಷ ನೀವು 5ನೇ ಸರದಿಯಲ್ಲಿ ಆರಿಸಿದಿರಿ. ಮುಂದಿನ ವರ್ಷ ಎಷ್ಟೇ ಸೋತರೂ 10ಕ್ಕಿಂತ ಮೇಲೆ ಬರಲ್ಲ.

ಐಐಟಿ_ಅಲ್ಲದ_ಐಐಟಿ · 10 ಆಗಸ್ಟ್

ಅಂದರೆ ಇಷ್ಟೂ ಸೋಲು ಪುಕ್ಕಟೆ??

ಪುತ್ತೂರ್_ಮಾಣಿ · 10 ಆಗಸ್ಟ್

ಹೋಗಿ ಒಂದು ಕಾಪಿ ಕುಡೀರಿ ಮಾರಾಯ್ರೆ.

ಮೈಸೂರ್_ಪಾಕ · 11 ಆಗಸ್ಟ್

ತಡವಾಗಿ ಬಂದೆ, ಕ್ಷಮಿಸಿ. ಆ ಸ್ಟೇಡಿಯಮ್ಮಲ್ಲಿ ಈ ವರ್ಷ ಕ್ಯಾಂಪ್‌ಫೈರ್ ಮಿಲ್ಕ್‌ಶೇಕ್ ಅಂತ ಒಂದು ಬಂದಿದೆಯಂತಲ್ಲ, ಬಹಳ ಫೇಮಸ್ಸಂತೆ. ಕುಡಿದಿದ್ದೀರಾ?

ಐಐಟಿ_ಅಲ್ಲದ_ಐಐಟಿ · 11 ಆಗಸ್ಟ್

ಕುಡಿದಿದ್ದೇವೆ. ಚಾಕೊಲೇಟು, ಮಾರ್ಷ್‌ಮ್ಯಾಲೊ, ಬಿಸ್ಕತ್ತಿನ ಪುಡಿ. ಕ್ಯೂ ಎಷ್ಟಿತ್ತೆಂದರೆ ಎರಡು ಇನ್ನಿಂಗ್ಸ್ ತಪ್ಪಿತು. ಅದೇ ಅದರ ದೊಡ್ಡ ಗುಣ. ಮಗಳು ಈಗ ಸ್ಟೇಡಿಯಮ್ಮಿಗೆ ಬರುವುದೇ ಅದಕ್ಕೆ. ಸ್ಕೋರ್ ಕೇಳುವುದನ್ನು ಬಿಟ್ಟಿದ್ದಾಳೆ.

ರಿಗ್ಲಿ_ರಂಗಣ್ಣ · 22 ಸೆಪ್ಟೆಂಬರ್

120 ಸೋಲು!!! 1962ರ ನ್ಯೂಯಾರ್ಕ್ ಮೆಟ್ಸ್ ಸಮ ಮಾಡಿದಿರಿ. ಇನ್ನೊಂದು ಸೋತರೆ 1900ರ ನಂತರದ ಆಟದಲ್ಲಿ ಇಷ್ಟು ಸೋತ ತಂಡವೇ ಇಲ್ಲ. ಮಂಗಳವಾರದಿಂದ ಮನೆಯಲ್ಲೇ ಏಂಜೆಲ್ಸ್ ಮೇಲೆ ಮೂರು ಆಟ. ಐಐಟಿ ಅವರೇ, ನಿಮ್ಮ ಹತ್ತು ಟಿಕೆಟಲ್ಲಿ ಅದೂ ಇದೆಯಾ? ನಾನೂ ಬರುತ್ತೇನೆ. ಇತಿಹಾಸ ಕಣ್ಣಾರೆ ನೋಡಬೇಕು.

ಐಐಟಿ_ಅಲ್ಲದ_ಐಐಟಿ · 22 ಸೆಪ್ಟೆಂಬರ್

ಇದೆ. ಮಂಗಳವಾರದ್ದು. ಬನ್ನಿ. ಕಬ್ಸ್ ಟೋಪಿ ಮನೆಯಲ್ಲಿ ಬಿಟ್ಟು ಬನ್ನಿ.

ಮೆಟ್ಸ್ ಜೊತೆ ಹೋಲಿಸಬೇಡಿ. ಅವರದು ಅವತ್ತಷ್ಟೇ ಹುಟ್ಟಿದ ತಂಡ, ಬೇರೆಯವರು ಬೇಡವೆಂದು ಬಿಟ್ಟವರನ್ನು ಕೂಡಿಸಿ ಕಟ್ಟಿದ್ದು. ನಮ್ಮದು 1901ರಿಂದ ಇರುವ ತಂಡ.

ಐಐಟಿ_ಅಲ್ಲದ_ಐಐಟಿ · 25 ಸೆಪ್ಟೆಂಬರ್

ರಾತ್ರಿ ನಿದ್ದೆ ಬಂದಿಲ್ಲ, ಎಲ್ಲ ಬರೆಯುತ್ತೇನೆ.

ನಾನು, ಮಗಳು, ರಂಗಣ್ಣ, ಮೂವರು ಹೋದೆವು. 35ನೇ ಬೀದಿ ಸ್ಟೇಷನ್ನಲ್ಲಿ ಇಳಿದಾಗ ನನ್ನ ಹಳೇ ಹಾಸ್ಟೆಲ್ ತೋರಿಸಿದೆ, ಮಗಳು ಫೋನಿಂದ ತಲೆ ಎತ್ತಲಿಲ್ಲ. ಒಳಗೆ ಒಂದು ವಿಚಿತ್ರ ಹಬ್ಬ. ತಲೆಗೆ ಕಾಗದದ ಚೀಲ ಹಾಕಿಕೊಂಡವರಿದ್ದರು. ನಮ್ಮ ಮುಂದಿನ ಸಾಲಲ್ಲಿ ಒಬ್ಬ ಅಜ್ಜ, ಎಪ್ಪತ್ತೈದರ ಮೇಲಿರಬೇಕು. "62ರಲ್ಲಿ ಮೆಟ್ಸ್ ಸೋಲೋದು ರೇಡಿಯೋದಲ್ಲಿ ಕೇಳಿ ನಗ್ತಿದ್ದೆ, ಈಗ ಅನುಭವಿಸ್ತಿದೀನಿ" ಅಂದ. ಎಲ್ಲರೂ ಬಂದಿದ್ದು ಒಂದೇ ಕಾರಣಕ್ಕೆ, 121 ನೋಡಲು.

ಏಳನೇ ಇನ್ನಿಂಗ್ಸ್ ಮುಗಿದಾಗ ನಾವು 2-0 ಹಿಂದೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು ಅನ್ನಿ. ಜನ "ತಂಡ ಮಾರು, ತಂಡ ಮಾರು" ಅಂತ ಮಾಲೀಕರಿಗೆ ಕೂಗುತ್ತಿದ್ದಾರೆ. ನಾನೂ ಕೂಗಿದೆ. ಮಗಳು ನನಗಿಂತ ಜೋರಾಗಿ ಕೂಗಿದಳು, ಯಾಕೆ ಅಂತ ಅವಳಿಗೆ ಗೊತ್ತಿಲ್ಲ.

ಎಂಟನೇ ಇನ್ನಿಂಗ್ಸಲ್ಲಿ ನಮ್ಮವರು ಮೂರು ರನ್ ಹೊಡೆದರು.

ಇಡೀ ವರ್ಷ ಎಂಟನೇ ಇನ್ನಿಂಗ್ಸಲ್ಲಿ ನಮ್ಮ ಬುಲ್‌ಪೆನ್ (ಕೊನೆಯಲ್ಲಿ ಬರುವ ಬದಲಿ ಪಿಚರ್‌ಗಳು) ಕೈಲಿದ್ದ ಆಟ ಕಳೆದದ್ದನ್ನೇ ನೋಡಿದ್ದು. ಒಂದು ದಿನ, ಸೋಲಲಿ ಅಂತ ದುಡ್ಡು ಕೊಟ್ಟು ಬಂದ ದಿನ, ಗೆದ್ದುಬಿಟ್ಟರು. 3-2. ಪಟಾಕಿ ಹಾರಿತು. ಸುತ್ತ ಯಾರಿಗೂ ಕುಣಿಯಬೇಕೋ ಬೈಯಬೇಕೋ ಗೊತ್ತಾಗಲಿಲ್ಲ. ಕೆಲವರು ನಿಜವಾಗಿ ಛೀ ಥೂ ಅಂದರು. ಆ ಅಜ್ಜ ಬಗ್ಗಿ ನಗುತ್ತಿದ್ದ, ನಗುತ್ತಾ ನಗುತ್ತಾ ಕೆಮ್ಮು ಬಂತು, ರಂಗಣ್ಣ ನೀರು ಕೊಟ್ಟರು.

ಇದನ್ನೂ ಸರಿಯಾಗಿ ಮಾಡಲು ಬರಲಿಲ್ಲ ನಮ್ಮವರಿಗೆ!

ರಿಗ್ಲಿ_ರಂಗಣ್ಣ · 25 ಸೆಪ್ಟೆಂಬರ್

ಒಂದು ವಿಷಯ ಐಐಟಿ ಬರೆದಿಲ್ಲ. ಆ ಮೂರನೇ ರನ್ ಬಂದಾಗ ಸೀಟಿನ ಮೇಲೆ ಹತ್ತಿ ಕುಣಿದದ್ದು ಯಾರು? ನಾನಲ್ಲ.

ಐಐಟಿ_ಅಲ್ಲದ_ಐಐಟಿ · 27 ಸೆಪ್ಟೆಂಬರ್

ಬುಧವಾರ ಗೆಲುವು, ಹತ್ತು ಇನ್ನಿಂಗ್ಸಿಗೆ. ಗುರುವಾರ 7-0 ಗೆಲುವು. ಏಂಜೆಲ್ಸ್ ಮೇಲೆ ಮೂರಕ್ಕೆ ಮೂರು. ಮನೆಯ ಆಟ ಮುಗಿಯಿತು. ಇನ್ನುಳಿದ ಮೂರು ಡೆಟ್ರಾಯ್ಟಲ್ಲಿ. ಶಾಂತಕ್ಕಾ, ನಿಮ್ಮೂರಿಗೆ ಕಳಿಸುತ್ತಿದ್ದೇವೆ.

ಡೆಟ್ರಾಯ್ಟ್_ಶಾಂತಕ್ಕ · 28 ಸೆಪ್ಟೆಂಬರ್

ನಾನು ನಿನ್ನೆ ನಮ್ಮ ಸ್ಟೇಡಿಯಂ ಕೊಮೆರಿಕಾ ಪಾರ್ಕಲ್ಲೇ ಇದ್ದೆ. 4-1. ನಿಮ್ಮ 121ನೇ ಸೋಲು. ಅದೇ ಆಟ ಗೆದ್ದು ನಮ್ಮ ಟೈಗರ್ಸ್ 2014ರ ನಂತರ ಮೊದಲ ಸಲ ಪ್ಲೇಆಫಿಗೆ ಹೋಯಿತು. ನಾನು ಚೀರಿದ್ದಕ್ಕೆ ಗಂಟಲು ಬಿದ್ದಿದೆ, ಮನೆಯವರು ಶುಂಠಿ ಕಷಾಯ ಮಾಡಿಕೊಟ್ಟರು.

ನಿಮ್ಮ ಹುಡುಗರು ಡಗೌಟಲ್ಲಿ ನಿಂತು ನಮ್ಮ ಸಂಭ್ರಮ ನೋಡುತ್ತಿದ್ದರು. 2003 ನೆನಪಾಯಿತು ತಮ್ಮಾ. ಆ ವರ್ಷ ನಾವು 118 ಸೋತು ಕೊನೆ ವಾರದಲ್ಲಿ ಆರರಲ್ಲಿ ಐದು ಗೆದ್ದೆವು. ಒಂದರಲ್ಲಿ 8-0 ಹಿಂದಿದ್ದು 9-8 ಗೆದ್ದೆವು, ಬರೀ 120 ಆಗಬಾರದು ಅಂತ. ಮೂರು ವರ್ಷಕ್ಕೆ ವರ್ಲ್ಡ್ ಸೀರೀಸ್ ಆಡಿದೆವು. ಕಾನ್ಸಾಸ್ ಸಿಟಿಯವರು ಹೋದ ವರ್ಷ 106 ಸೋತವರು ಈಗ ನಮ್ಮ ಜೊತೆ ಪ್ಲೇಆಫಲ್ಲಿದ್ದಾರೆ. ಇಷ್ಟೇ ಹೇಳೋದು.

ಐಐಟಿ_ಅಲ್ಲದ_ಐಐಟಿ · 29 ಸೆಪ್ಟೆಂಬರ್

ಅಭಿನಂದನೆ ಅಕ್ಕ. ನಿಜವಾಗಿ. ಕೊನೆಯ ಎರಡೂ ನಾವು ಗೆದ್ದೆವು. ಒಟ್ಟು 41-121. ಕೊನೆಯ ಆರರಲ್ಲಿ ಐದು ಗೆಲುವು, ನಿಮ್ಮ 2003ರ ಹಾಗೆಯೇ.

ಕೆಂಗೇರಿ_ಕಿಟ್ಟಿ · 30 ಸೆಪ್ಟೆಂಬರ್

ಈ ಚರ್ಚೆ ಓದಿ ಓದಿ ನನಗೂ ಇನ್‌ಫೀಲ್ಡ್ ಫ್ಲೈ ಅರ್ಥ ಆಗಿದೆ. ಮನೆಯಲ್ಲಿ ಯಾರಿಗೆ ಹೇಳಲಿ?

ರಿಗ್ಲಿ_ರಂಗಣ್ಣ · 12 ಡಿಸೆಂಬರ್

ಕ್ರೋಷೆಯನ್ನೂ ಬಾಸ್ಟನ್ನಿಗೆ ಕೊಟ್ಟರಂತೆ. ಡ್ರಾಫ್ಟ್ ಸರದಿಯೂ ಶಾಂತಕ್ಕ ಹೇಳಿದ ಹಾಗೆ 10. ಕೋಪೆಕ್ ಡಾಡ್ಜರ್ಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದು ಕೂತಿದ್ದಾನೆ. ಐಐಟಿ ಅವರೇ, ಕೊಟ್ಟಿಗೆ ಖಾಲಿ ಆಯಿತಾ?

ಐಐಟಿ_ಅಲ್ಲದ_ಐಐಟಿ · 12 ಡಿಸೆಂಬರ್

ಸಗಣಿ ಇದೆ ಇನ್ನೂ.

ಪುತ್ತೂರ್_ಮಾಣಿ · 9 ಮೇ 2025

ಹಳೇ ಚರ್ಚೆ ಎತ್ತುತ್ತಿದ್ದೇನೆ, ಕ್ಷಮಿಸಿ. ನಿನ್ನೆ ಆರಿಸಿದ ಹೊಸ ಪೋಪ್ ಶಿಕಾಗೋದವರು ಅಂತಲ್ಲ, ಕಬ್ಸ್ ಫ್ಯಾನ್ ಅಂತ ಸುದ್ದಿ ನೋಡಿದೆ. ರಂಗಣ್ಣನಿಗೆ ಹೊಡೀತು ಲಾಟರಿ.

ಐಐಟಿ_ಅಲ್ಲದ_ಐಐಟಿ · 9 ಮೇ 2025

ತಪ್ಪು ತಪ್ಪು ತಪ್ಪು. ಅವರ ಅಣ್ಣನೇ ಟೀವಿಯಲ್ಲಿ ಹೇಳಿದ್ದಾರೆ, ಪೋಪ್ ಲಿಯೋ ವೈಟ್ ಸಾಕ್ಸ್‌ನವರು. 2005ರ ವರ್ಲ್ಡ್ ಸೀರೀಸ್ ಮೊದಲ ಆಟಕ್ಕೆ ಸ್ಟೇಡಿಯಮ್ಮಲ್ಲೇ ಇದ್ದರು, ವಿಡಿಯೋ ಇದೆ. ನಾನು ಹೆದ್ದಾರಿಯ ಈ ಕಡೆ, ಅವರು ಆ ಕಡೆ.

ರಿಗ್ಲಿ_ರಂಗಣ್ಣ · 9 ಮೇ 2025

ಸರಿ ಸರಿ. ನಿನ್ನೆ ಸಾಕ್ಸ್ ಏನು ಮಾಡಿತು?

ಐಐಟಿ_ಅಲ್ಲದ_ಐಐಟಿ · 9 ಮೇ 2025

ಅದು ಬೇರೆ ವಿಷಯ. ಈ ವರ್ಷವೂ ಹತ್ತು ಟಿಕೆಟ್ ತಗೊಂಡಿದ್ದೇನೆ. ಮಗಳೇ ಕೇಳಿದಳು, ಮಿಲ್ಕ್‌ಶೇಕಿಗೆ.